ಇನ್ನೊಂದು ಬಿಸಿಲು ಬೇಕೇ?

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಣ್ಣ ಮುಂದೆ ಬರುವುದು ತರಗತಿಯಲ್ಲ, ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ರಾಶಿಗಳು. ಏಳನೆಯ ಸೆಮಿಸ್ಟರಿನ ತಂಡ ಪ್ರಾಜೆಕ್ಟಿಗಾಗಿ ನಾವು ಐವರು ಸೇರಿ, ಕಾಳಿನ ತೇವಾಂಶ ಅಳೆಯುವ ಕಡಿಮೆ ಬೆಲೆಯ ಉಪಕರಣವೊಂದನ್ನು ಮಾಡಲು ನಿರ್ಧರಿಸಿದ್ದೆವು. ಇಬ್ಬರು ಸರ್ಕ್ಯೂಟ್ ಕೆಲಸಕ್ಕೆ, ಇಬ್ಬರು ಪ್ರೋಗ್ರಾಂ ಬರೆಯುವುದಕ್ಕೆ ಎಂದು ಹಂಚಿಕೆಯಾದ ಮೇಲೆ, ನಮ್ಮ ಮೇಡಂ ನನ್ನ ಹೆಸರಿನ ಮುಂದೆ ‘ಪ್ರಾಡಕ್ಟ್ ಮ್ಯಾನೇಜರ್’ ಎಂದು ಬರೆದರು. ಬೆಸುಗೆ ಹಾಕುವುದಕ್ಕೂ ಕೋಡ್ ಬರೆಯುವುದಕ್ಕೂ ನಾನು ಸಾಲದವಳೆಂದು ಹೀಗೆ ಮಾಡಿದರೇನೋ ಎಂದು ಆ ರಾತ್ರಿ ಹಾಸ್ಟೆಲಿನಲ್ಲಿ ಅತ್ತದ್ದೂ ನಿಜ.

ಮರುದಿನ ಮೇಡಂ ನನ್ನನ್ನು ಕರೆದು ಕೂರಿಸಿಕೊಂಡು, 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್ರಾಯ್ ಎಂಬ ಯುವಕ ತನ್ನ ಮೇಲಿನವರಿಗೆ ಬರೆದ ಟಿಪ್ಪಣಿಯೊಂದರ ವಿಷಯ ಹೇಳಿದರು. ಒಂದೊಂದು ಸರಕಿನ ಪೂರ್ತಿ ಹೊಣೆಯನ್ನು ಒಬ್ಬೊಬ್ಬರು ಹೊರಬೇಕು, ಮಾರಾಟ ಎಲ್ಲಿ ಕುಂದಿದೆಯೋ ಅಲ್ಲಿಗೆ ತಾವೇ ಹೋಗಿ ಅಂಗಡಿಯವರನ್ನೂ ಬಳಸುವವರನ್ನೂ ಕಂಡು ಕಾರಣ ತಿಳಿಯಬೇಕು ಎಂಬುದು ಅದರ ಸಾರ. ಪ್ರಾಡಕ್ಟ್ ಮ್ಯಾನೇಜರ್ ಎಂಬ ವೃತ್ತಿಯ ಮೂಲವನ್ನು ಹಲವರು ಗುರುತಿಸುವುದು ಅಲ್ಲಿಯೇ. “ನಿನಗೆ ಕೊಟ್ಟಿರುವುದು ಉಳಿದವರಿಗೆ ಕೊಟ್ಟು ಮಿಕ್ಕ ಕೆಲಸ ಅಲ್ಲಮ್ಮ. ವಾರಕ್ಕೆ ಎರಡು ದಿನ ಯಾರ್ಡಿಗೆ ಹೋಗು. ಈ ಉಪಕರಣವನ್ನು ಯಾರು ಕೈಯಲ್ಲಿ ಹಿಡಿಯುತ್ತಾರೋ ಅವರ ಹತ್ತಿರ ಕೂತು ಬಾ” ಎಂದರು.

ದೀಪಾವಳಿಯ ಆಸುಪಾಸಿನ ದಿನಗಳವು. ಮುಂಗಾರಿನ ಮೆಕ್ಕೆಜೋಳ ಯಾರ್ಡಿಗೆ ಬರುವ ಹೊತ್ತಿಗೇ ಹಿಂಗಾರಿನ ಮೋಡಗಳೂ ಬರುತ್ತವೆ. ಜಗಳೂರಿನ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ರಾಶಿಯಿಂದ ಕಾಳೊಂದನ್ನು ಆರಿಸಿ ದವಡೆಯ ಹಲ್ಲಿಗಿಟ್ಟು ಕಡಿದರು. ಚೆನ್ನಾಗಿ ಒಣಗಿದ ಕಾಳು ಕಟ್ಟೆಂದು ಒಡೆಯುತ್ತದೆ, ಹಸಿ ಉಳಿದದ್ದು ಹಲ್ಲಿಗೆ ಮೆತ್ತಗೆ ಒತ್ತುತ್ತದೆ. ಅವರ ಕಾಳು ಒಡೆಯಲಿಲ್ಲ. ನಾನು ನಮ್ಮ ಮೊದಲ ಮಾದರಿಯ ಬಟ್ಟಲಿಗೆ ಅದೇ ರಾಶಿಯ ಕಾಳು ತುಂಬಿ, ಪರದೆಯ ಮೇಲೆ ಮೂಡಿದ 18 ಎಂಬ ಅಂಕಿಯನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಅದನ್ನು ನೋಡಿ, “ಅದೆಲ್ಲ ಸರಿ ತಾಯಿ, ಹಸಿ ಐತೆ ಅಂತ ನನ್ನ ಹಲ್ಲೂ ಹೇಳ್ತು. ಇವತ್ತೇ ಮಾರ್ಲೋ, ಇನ್ನೊಂದು ಬಿಸಿಲು ಕಾಣಿಸ್ಲೋ, ಅದನ್ನ ಹೇಳ್ತೈತೇನು ನಿನ್ನ ಮಿಷನ್ನು?” ಎಂದು ಕೇಳಿದರು.

ಆ ಪ್ರಶ್ನೆಯನ್ನು ಹೊತ್ತು ಹಾಸ್ಟೆಲಿಗೆ ಬಂದು ಪೆನ್ಸಿಲ್ ಹಿಡಿದು ಕೂತೆ. ಶೇಕಡಾ 18ರಷ್ಟು ತೇವವಿರುವ ಒಂದು ಕ್ವಿಂಟಲ್ ಜೋಳದಲ್ಲಿ ನೀರು 18 ಕಿಲೋ, ಉಳಿದದ್ದು 82 ಕಿಲೋ. ಅದನ್ನು ಶೇಕಡಾ 14ಕ್ಕೆ ಒಣಗಿಸಿದರೆ ತೂಕ 95.35 ಕಿಲೋಗೆ ಇಳಿಯುತ್ತದೆ, ಅಂದರೆ ನಾಲ್ಕೂವರೆ ಕಿಲೋಗೂ ಹೆಚ್ಚು ಗಾಳಿಗೆ ಹೋಗುತ್ತದೆ. ಹಸಿ ಜೋಳಕ್ಕೆ ಕ್ವಿಂಟಲಿಗೆ 1900 ರೂಪಾಯಿ ಸಿಗುತ್ತಿದೆ ಎಂದುಕೊಂಡರೆ, ಒಣಗಿದ್ದಕ್ಕೆ ಸುಮಾರು 1993 ಸಿಕ್ಕಾಗಲಷ್ಟೇ ಸರಿಗೆ ಸರಿ. ಕಣದ ಕೂಲಿ, ತಾಡಪಾಲಿನ ಬಾಡಿಗೆ, ಮಳೆಯ ಭಯ ಎಲ್ಲವೂ ಅದರ ಮೇಲಿನ ಲೆಕ್ಕ. ನಾವು ತೇವಾಂಶ ಅಳೆಯಲು ಹೊರಟಿದ್ದೆವು, ಆ ಹಿರಿಯರಿಗೆ ಬೇಕಾಗಿದ್ದದ್ದು ಈ ಲೆಕ್ಕ.

ತಂಡದಲ್ಲಿ ಇದನ್ನು ಹೇಳುವುದು ಸುಲಭವಾಗಲಿಲ್ಲ. ಗೆಳೆಯನೊಬ್ಬ ಮೂರು ವಾರ ನಿದ್ದೆಗೆಟ್ಟು, ಅಳತೆಯನ್ನು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳಿಸಿ ನಕ್ಷೆ ಬರೆಯುವ ಆ್ಯಪ್ ಮಾಡಿದ್ದ. ಅದು ಚೆಂದವಾಗಿಯೂ ಇತ್ತು. ಅದನ್ನು ಬಿಡಬೇಕೆಂದಾಗ ಅವನು ಎರಡು ದಿನ ನನ್ನೊಡನೆ ಮಾತು ಬಿಟ್ಟ. ವಾದ ಮಾಡಿ ಗೆಲ್ಲುವ ಬದಲು ಅವನನ್ನೇ ಯಾರ್ಡಿಗೆ ಕರೆದೊಯ್ದೆ. ಧೂಳು ಮೆತ್ತಿದ ಕೈಯಲ್ಲಿ ಚೀಲದ ಬಾಯಿ ಹಿಡಿದವರು ಮೊಬೈಲನ್ನು ಜೇಬಿನಿಂದ ತೆಗೆಯುವುದೇ ಇಲ್ಲವೆಂಬುದನ್ನು ಅವನು ತಾನೇ ನೋಡಿದ. ವಾಪಸ್ ಬರುವಾಗ ಪಿ.ಬಿ. ರಸ್ತೆಯ ಗಾಡಿಯೊಂದರ ಬಳಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ, ದರ ಒತ್ತಲು ನಾಲ್ಕು ದೊಡ್ಡ ಗುಂಡಿಗಳಿದ್ದರೆ ಸಾಕೆಂದು ಮೊದಲು ಹೇಳಿದವನು ಅವನೇ. ಒಂದು ಕೆಲಸವನ್ನು ಬೇಡವೆನ್ನುವುದಕ್ಕಿಂತ, ಅದನ್ನು ಮಾಡಿದವನ ಮನಸ್ಸು ನೋಯದಂತೆ ಬೇಡವೆನ್ನುವುದು ಕಷ್ಟ ಎಂದು ನನಗೆ ತಿಳಿದದ್ದು ಆ ವಾರ.

ಸರ್ಕ್ಯೂಟಿನ ಗೆಳತಿಯರ ಪಾಡು ಬೇರೆ. ನೀರಿನಂಶ ಹೆಚ್ಚಿದಷ್ಟೂ ಕಾಳಿನ ವಿದ್ಯುತ್ ಧಾರಕತೆ, ಅಂದರೆ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣ, ಹೆಚ್ಚುತ್ತದೆ ಎಂಬ ತತ್ತ್ವದ ಮೇಲೆ ನಮ್ಮ ಮಾಪಕ ನಡೆಯುತ್ತಿತ್ತು. ಆದರೆ ಬಿಸಿಲಿಗೆ ಕಾದ ಕಾಳು ಒಂದು ಅಂಕಿ ತೋರಿಸಿದರೆ ನೆರಳಿನದು ಇನ್ನೊಂದನ್ನು ತೋರಿಸುತ್ತಿತ್ತು. ಅವರು ಶಾಖದ ಸಂವೇದಕ ಸೇರಿಸಿದರು, ಕಾಳನ್ನು 103 ಡಿಗ್ರಿಯ ಒವನ್‌ನಲ್ಲಿ 72 ಗಂಟೆ ಒಣಗಿಸಿ ತೂಗಿ, ಮತ್ತೆ ಮತ್ತೆ ತಾಳೆ ನೋಡಿದರು. ಆ ತಾಳ್ಮೆಯಿಲ್ಲದಿದ್ದರೆ ನನ್ನ ಲೆಕ್ಕಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಸೆಮಿಸ್ಟರಿನ ಕೊನೆಯ ವಾರ ಉಪಕರಣವನ್ನು ಮತ್ತೆ ಯಾರ್ಡಿಗೆ ಒಯ್ದೆವು. ಆ ಹಿರಿಯರು ಎರಡನೆಯ ಹೊರೆ ತಂದಿದ್ದರು. ಅವರೇ ಬಟ್ಟಲು ತುಂಬಿ, ಹಸಿ ಜೋಳದ ಅಂದಿನ ದರವನ್ನೂ ಒಣಗಿದ್ದರ ದರವನ್ನೂ ಗುಂಡಿ ಒತ್ತಿ ಹಾಕಿದರು. ಒಣಗಿಸಿದರೆ ಲಾಭವಿಲ್ಲ ಎಂದು ಪರದೆ ತೋರಿಸಿತು. ಅವರು ಕಾಳೊಂದನ್ನು ಎತ್ತಿ ಕಡಿದು ನೋಡಿ, ಸ್ವಲ್ಪ ಹೊತ್ತು ಮೋಡ ನೋಡಿ, ದಲಾಲರ ಅಂಗಡಿಯ ಕಡೆ ತಿರುಗಿ “ತೂಕಕ್ಕೆ ಹಾಕ್ರಪ್ಪಾ” ಎಂದು ಹಮಾಲರನ್ನು ಕೂಗಿದರು.