ಇಪ್ಪತ್ತಮೂರನೆಯ ತಾರೀಖಿನ ಓದು

ಬೆಳಗಿನ ಪ್ರಾರ್ಥನೆಗೆ ಕುಳಿತಾಗ ಬೈಬಲಿನ ಕೀರ್ತನೆಗಳು ಮತ್ತು ಜ್ಞಾನೋಕ್ತಿಗಳು ಎಂಬ ಎರಡು ಪುಸ್ತಕಗಳನ್ನು ಓದುವುದು ಬೆಟಗೇರಿಯ ನಮ್ಮ ಮನೆಯ ಹಳೆಯ ರೂಢಿ. ಯಾವ ಭಾಗವನ್ನು ಓದಬೇಕೆಂಬುದನ್ನು ನಾನು ಆರಿಸುವುದಿಲ್ಲ, ತಾರೀಖಿಗೆ ಬಿಟ್ಟಿದ್ದೇನೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ದಿನಕ್ಕೊಂದು ಸಾಕು. ಕೀರ್ತನೆಗಳು 150, ತಾರೀಖಿನ ಸಂಖ್ಯೆಯ ಕೀರ್ತನೆಯಿಂದ ಆರಂಭಿಸಿ ಮೂವತ್ತು ಮೂವತ್ತು ಕೂಡಿಸುತ್ತ ಹೋದರೆ ದಿನಕ್ಕೆ ಐದರಂತೆ ತಿಂಗಳಲ್ಲಿ ಮುಗಿಯುತ್ತವೆ. 29ನೆಯ ತಾರೀಖಿಗೆ 176 ವಚನಗಳ 119ನೆಯ ಕೀರ್ತನೆ ಬರುವುದರಿಂದ ಅಂದು ಅರ್ಧ ತಾಸು ಮೊದಲೇ ಏಳುತ್ತೇನೆ.

1837ರಲ್ಲಿ ಧಾರವಾಡದಲ್ಲಿ ನೆಲೆಯೂರಿ, ಮುಂದೆ ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಸಭೆಗಳಲ್ಲಿ ಬೆಳೆದ ಹಿರಿಯರಿಗೆ ಎಷ್ಟೋ ಕೀರ್ತನೆಗಳು ಬಾಯಿಪಾಠವಾಗಿದ್ದವು. ನಮ್ಮ ತಂದೆಯವರಿಗೂ ಹಾಗೆಯೇ. ಆದರೆ ಬಾಯಿಗೆ ಬಂದದ್ದೆಲ್ಲ ಕಿವಿಗೆ ಬಿದ್ದಿರುವುದಿಲ್ಲ ಎಂಬುದು ನನಗೆ ತಿಳಿದದ್ದು ಅಣ್ಣ ತೀರಿಕೊಂಡ ಮೇಲೆ.

ಮಣ್ಣು ಮಾಡಿ ಬಂದ ಮರುದಿನ 28ನೆಯ ತಾರೀಖು. ಅಂದಿನ ಐದರಲ್ಲಿ 88ನೆಯ ಕೀರ್ತನೆಯೂ ಇತ್ತು. ದುಃಖದಿಂದ ಆರಂಭವಾಗುವ ಉಳಿದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ದೇವರನ್ನು ಹಗಲಿರುಳು ಕರೆದವನು ಕತ್ತಲೆಯ ಮಾತಿನಲ್ಲಿಯೇ ಪ್ರಾರ್ಥನೆಯನ್ನು ನಿಲ್ಲಿಸುತ್ತಾನೆ. ಬಂದವರೆಲ್ಲ ಸಮಾಧಾನ ಹೇಳಿ ಹೋಗುತ್ತಿದ್ದ ಆ ದಿನಗಳಲ್ಲಿ, ಸಮಾಧಾನವಿಲ್ಲದೆಯೂ ದೇವರ ಮುಂದೆ ಕುಳಿತಿರಬಹುದು ಎಂದು ನನಗೆ ಹೇಳಿದ್ದು ಆ ಒಂದು ಕೀರ್ತನೆ. ನಾನೇ ಆರಿಸುವಂತಿದ್ದರೆ ಅದನ್ನು ಎಂದೂ ತೆರೆಯುತ್ತಿರಲಿಲ್ಲ.

ಎರಡು ವರ್ಷಗಳ ನಂತರ ಹೊಲದ ವಿಷಯ ಬಂದಿತು. ನಮ್ಮದು ಎರೆ ಭೂಮಿ; ಜೋರು ಮಳೆಗೆ ಅಣ್ಣನ ಪಾಲಿಗೂ ನನ್ನ ಪಾಲಿಗೂ ನಡುವಿನ ಬದು ಕೊಚ್ಚಿಹೋಗಿತ್ತು. ಅತ್ತಿಗೆಯವರು ಹೊಸದಾಗಿ ಹಾಕಿಸಿದ ಬದು ನನ್ನ ಕಡೆಗೆ ಸರಿದಿದೆ ಎಂದು ನಾನು ವಾದಿಸಿದೆ, ಮಾತು ಬೆಳೆಯಿತು, ವಕೀಲರನ್ನು ಕಾಣುವುದೆಂದು ನಿಶ್ಚಯಿಸಿದೆ. ಆ ತಿಂಗಳ 22ರಂದು ಜ್ಞಾನೋಕ್ತಿಗಳ 22ನೆಯ ಅಧ್ಯಾಯದಲ್ಲಿ, ಪಿತೃಗಳು ಹಾಕಿದ ಹಳೆಯ ಮೇರೆಯನ್ನು ಸರಿಸಬೇಡ ಎಂಬ ವಚನವನ್ನು ಓದಿದಾಗ ನನಗೆ ಸಂತೋಷವೇ ಆಯಿತು. ದೇವರ ವಾಕ್ಯವೇ ನನ್ನ ಪರವಾಗಿದೆ ಎಂದುಕೊಂಡು ಅದರ ಕೆಳಗೆ ಗೆರೆ ಎಳೆದೆ. ಇಷ್ಟು ವರ್ಷ ಓದಿದವನು ವಾಕ್ಯವನ್ನು ದೊಣ್ಣೆಯಂತೆ ಕೈಗೆತ್ತಿಕೊಂಡೆನಲ್ಲ ಎಂದು ಈಗಲೂ ಮನಸ್ಸು ನೋಯುತ್ತದೆ.

ಮರುದಿನ 23. ಯೆಹೋವನು ನನಗೆ ಕುರುಬನು ಎಂಬ ಕೀರ್ತನೆಯನ್ನು, ಬಾಯಿಪಾಠವಿದ್ದುದರಿಂದ, ಬೇಗನೆ ಮುಗಿಸಿದೆ. ಐದನೆಯದಾಗಿ 143ನೆಯ ಕೀರ್ತನೆ ಬಂದಿತು. ನಿನ್ನ ದಾಸನನ್ನು ನ್ಯಾಯವಿಚಾರಣೆಗೆ ಗುರಿಮಾಡಬೇಡ, ಜೀವಿಸುವವರಲ್ಲಿ ಯಾರೂ ನಿನ್ನ ಮುಂದೆ ನೀತಿವಂತರಲ್ಲ ಎಂದು ಅಲ್ಲಿ ಭಕ್ತನು ಬೇಡುತ್ತಾನೆ. ಅದನ್ನು ನನ್ನ ಬೇಡಿಕೆಯೆಂದೇ ಓದಿ, ಜ್ಞಾನೋಕ್ತಿಗಳ 23ನೆಯ ಅಧ್ಯಾಯಕ್ಕೆ ಬಂದೆ. ಹತ್ತನೆಯ ವಚನದಲ್ಲಿ ಮತ್ತೆ ಅದೇ ಮೇರೆಯ ಮಾತು. ಆದರೆ ಈ ಸಲ ಅದು ಅಲ್ಲಿಗೇ ನಿಲ್ಲದೆ, ಅನಾಥರ ಹೊಲದಲ್ಲಿ ನುಗ್ಗಬೇಡ ಎಂದು ಮುಂದುವರಿದಿತ್ತು. ಅದರ ಮುಂದಿನ ವಚನವಂತೂ ಅವರ ವಿಮೋಚಕನು ಬಲಿಷ್ಠನು, ಅವನೇ ನಿನ್ನ ವಿರುದ್ಧ ಅವರ ವ್ಯಾಜ್ಯವನ್ನು ನಡೆಸುವನು ಎನ್ನುತ್ತದೆ. ಅಣ್ಣನ ಇಬ್ಬರು ಮಕ್ಕಳಲ್ಲಿ ಚಿಕ್ಕವನು ಆಗ ಏಳನೆಯ ತರಗತಿಯಲ್ಲಿದ್ದ. ನಾನು ಹೂಡಲು ಹೊರಟಿದ್ದ ವ್ಯಾಜ್ಯದಲ್ಲಿ ಎದುರು ನಿಲ್ಲುವ ವಕೀಲ ಯಾರೆಂದು ಅಂದು ಗೊತ್ತಾಯಿತು.

ಜ್ಞಾನೋಕ್ತಿಗಳನ್ನು ಕಾಯಿದೆಯ ಪುಸ್ತಕದಂತೆ ಓದುವುದು ತಪ್ಪೆಂದು ನಾನು ನಂಬುತ್ತೇನೆ. 26ನೆಯ ಅಧ್ಯಾಯದಲ್ಲಿ ಮೂಢನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂದು ಒಂದು ವಚನ ಹೇಳಿದರೆ, ಕೊಡು ಎಂದು ಮರುವಚನವೇ ಹೇಳುತ್ತದೆ; ಯಾವ ಹೊತ್ತಿಗೆ ಯಾವುದು ಎಂಬುದನ್ನು ಓದುವವನೇ ದೇವರ ಭಯದಲ್ಲಿ ತಿಳಿಯಬೇಕು. ಆ ಭಯವನ್ನು ನನ್ನಲ್ಲಿ ಹುಟ್ಟಿಸುವುದು ಕೀರ್ತನೆಗಳು. 143ನೆಯದನ್ನು ಮೊದಲು ಪ್ರಾರ್ಥಿಸದೆ ಹೋಗಿದ್ದರೆ ಆ ಹತ್ತನೆಯ ವಚನದಿಂದಲೂ ನಾನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಅಂದು ಸಂಜೆ ಅತ್ತಿಗೆಯವರ ಮನೆಗೆ ಹೋದೆ. ಬದು ಅವರು ಹಾಕಿಸಿದಲ್ಲಿಯೇ ಇದೆ. ಈ ಮುಂಗಾರಿನಲ್ಲಿ ಅದರ ಆಚೆಗೆ ಅಣ್ಣನ ಹಿರಿಯ ಮಗನು ಹೆಸರು ಬಿತ್ತಿದ್ದಾನೆ.