ಫೋನ್ ಭಾಷೆ

ಜಾರ್ಜಿಯಾ ದೇಶದ ರಾಜಧಾನಿ ತಿಬಿಲಿಸಿಗೆ ವಾಪಸ್ ಬಂದು ವಾರ ಆಯ್ತು, ಮಗಳು ಹೇಳಿದ ಒಂದು ಮಾತು ಮಾತ್ರ ಇನ್ನೂ ಕಿವಿಯಲ್ಲೇ ಕೂತಿದೆ.

ಅವಳಿಗೆ ರಜೆ ಇತ್ತು ಅಂತ ಉಷ್ಗುಲಿಗೆ ಹೋಗಿದ್ವಿ. ಜಾರ್ಜಿಯಾದ ಸ್ವಾನೆತಿ ಅನ್ನೋ ಬೆಟ್ಟದ ಸೀಮೆಯಲ್ಲಿ, ಮೆಸ್ತಿಯಾ ಅನ್ನೋ ಊರಿಂದ ಇನ್ನೂ ಸುಮಾರು 45 ಕಿ.ಮೀ. ಮೇಲೆ, 2100 ಮೀಟರ್ ಎತ್ತರದಲ್ಲಿ ನಾಲ್ಕು ಪುಟ್ಟ ಹಳ್ಳಿಗಳು ಸೇರಿ ಉಷ್ಗುಲಿ. ಎದುರಿಗೆ ಶ್ಖಾರಾ ಶಿಖರ, ಬೇಸಿಗೆಯಲ್ಲೂ ಬೆಳ್ಳಗೆ. ಮನೆಮನೆಗೂ ಅಂಟಿಕೊಂಡ ಹಾಗೆ ಕಲ್ಲಿನ ಗೋಪುರಗಳು, ಕೋಷ್ಕಿ ಅಂತಾರೆ. ಒಂದೊಂದು ಗೋಪುರ ಒಂದೊಂದು ಮನೆತನದ್ದು. ಹಿಂದೆ ಮನೆತನಗಳ ನಡುವೆ ರಕ್ತದ ಸೇಡು ಎದ್ದಾಗ, ಹೊರಗಿನವರು ದಾಳಿಗೆ ಬಂದಾಗ ಎಲ್ಲರೂ ಅದರೊಳಗೆ ಸೇರಿಕೊಂಡು ಏಣಿ ಮೇಲೆಳ್ಕೊಳ್ತಿದ್ರಂತೆ. ನಾಲ್ಕರಲ್ಲಿ ಚಾಝಾಶಿ ಅನ್ನೋ ಹಳ್ಳಿನ ಯುನೆಸ್ಕೋ 1996ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ.

ನಮ್ಮ ಕೊಡಗಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಒಕ್ಕಕ್ಕೊಂದು, ಅಂದ್ರೆ ಮನೆತನಕ್ಕೊಂದು, ಹಿರಿಯರ ಕಾಲದ ಐನ್‌ಮನೆ ಇದ್ದ ಹಾಗೇ. ನೋಡ್ತಿದ್ದಂಗೆ ನಂಗೆ ನಮ್ಮ ಐನ್ಮನೆಯ ನಡುಮನೆ, ನೆಲ್ಲಕ್ಕಿ ನಡುಬಾಡೆಯ ದೀಪ ನೆನಪಾಗಿ ಗಂಟಲು ಕಟ್ಟಿತು, ಮಗಳು ಹಸು ಹಿಂದೆ ಓಡ್ತಿದ್ಲು.

ನಾವು ಉಳ್ಕೊಂಡ ಮನೆಯ ಅಜ್ಜಿ ಕುಬ್ದಾರಿ ಮಾಡಿಕೊಟ್ರು, ಮಾಂಸ ತುಂಬಿದ ದಪ್ಪ ರೊಟ್ಟಿ. ಅದಕ್ಕೆ ಹಾಕೋ ಸ್ವಾನ್ ಉಪ್ಪಲ್ಲಿ ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಂಥರಾ ಮೆಂತ್ಯ ಎಲ್ಲಾ ಇರುತ್ತೆ, ಡಬ್ಬಿ ತೆಗೆದ್ರೆ ನಮ್ಮ ಅಡಿಗೆಮನೆ ವಾಸನೆ! ಅಜ್ಜಿ ಹಸು ಜೊತೆ, ಪಕ್ಕದ ಮನೆ ಮುದುಕಿ ಜೊತೆ ಸ್ವಾನೆತಿಯವರ ಸ್ವಾನ್ ಭಾಷೆಯಲ್ಲಿ ಮಾತಾಡೋರು, ಮೊಮ್ಮಗನ ಕಡೆ ತಿರುಗಿದ ತಕ್ಷಣ ಜಾರ್ಜಿಯನ್. ಶಾಲೆ ಜಾರ್ಜಿಯನ್, ಟಿವಿ ಜಾರ್ಜಿಯನ್, ಸ್ವಾನ್ ಬರೆಯಬೇಕಂದ್ರೂ ಜಾರ್ಜಿಯನ್ ಅಕ್ಷರಾನೇ. 1987ರ ದೊಡ್ಡ ಹಿಮಕುಸಿತ ಆದ್ಮೇಲೆ ಸ್ವಾನೆತಿಯ ಎಷ್ಟೋ ಕುಟುಂಬಗಳು ಕೆಳಗಿನ ಬಯಲಿಗೆ ಹೋಗಿಬಿಟ್ವು, ಭಾಷೆನೂ ಸ್ವಲ್ಪ ಸ್ವಲ್ಪ ಅವರ ಜೊತೆನೇ ಇಳಿದು ಹೋಯ್ತು. 'ನಿಮ್ಮ ಭಾಷೆಗೆ ಲಿಪಿ ಇದೆಯಾ?' ಅಂತ ಅಜ್ಜಿ ಕೇಳಿದ್ರು. ಇಲ್ಲ, ನಾವು ಕನ್ನಡ ಅಕ್ಷರದಲ್ಲಿ ಬರೀತೀವಿ ಅಂದೆ. ಜೋರಾಗಿ ನಕ್ಕು ನನ್ನ ಕೈ ತಟ್ಟಿದ್ರು.

ಆಮೇಲೆ ಅವರ ಮೊಮ್ಮಗ ನನ್ನ ಮಗಳನ್ನ ಕೇಳಿದ, ನಿಮ್ಮನೆ ಭಾಷೆ ಯಾವುದು ಅಂತ. ಅವಳು ಒಂದು ಸೆಕೆಂಡೂ ಯೋಚಿಸದೆ ಇಂಗ್ಲಿಷ್ ಅಂದ್ಲು. ನಾನು ತಡೆದು, ಅಲ್ಲ ಪುಟ್ಟಾ, ಕೊಡವ ತಕ್ಕ್ ಅಂದೆ, ಅಂದ್ರೆ ನಮ್ಮ ಕೊಡವ ಭಾಷೆ. 'ಅದು ಮನೆ ಭಾಷೆ ಅಲ್ಲಮ್ಮಾ, ಅದು ಫೋನ್ ಭಾಷೆ. ನೀನು ಫೋನಲ್ಲಿ ಮಾತ್ರ ತಾನೇ ಮಾತಾಡೋದು?'

ಅಜ್ಜಿಗೆ ಅರ್ಥ ಆಗ್ಲಿಲ್ಲ, ಅನುವಾದ ಮಾಡೋಕೆ ನಂಗೂ ಬಾಯಿ ಬರ್ಲಿಲ್ಲ.

ಊರಲ್ಲಿ ನಮ್ಮ ಒಕ್ಕದ ವಾಟ್ಸ್ಯಾಪ್ ಗ್ರೂಪಲ್ಲಿ ಎರಡು ವರ್ಷದಿಂದ ಐನ್‌ಮನೆ ಹೆಂಚು ಬದಲಿಸೋ ಚರ್ಚೆ ನಡೀತಿದೆ, ಯಾರೆಷ್ಟು ಕೊಡ್ಬೇಕು, ಹಿಂದಿನ ಸಲ ಯಾರು ಕೊಟ್ಟಿಲ್ಲ ಅಂತ. ಅದೂ ಇಂಗ್ಲಿಷಲ್ಲೇ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯೋವಾಗ 'ಪೊಲಿ ಪೊಲಿ ದೇವಾ' ಅಂತ ಕೂಗೋದೊಂದು ಬಿಟ್ರೆ ನಮ್ಮ ಮಕ್ಕಳ ಬಾಯಲ್ಲಿ ಇನ್ನೇನು ಉಳಿದಿದೆ ಗೊತ್ತಿಲ್ಲ. ಯುನೆಸ್ಕೋದವರ ಅಪಾಯದ ಭಾಷೆಗಳ ಪಟ್ಟಿಯಲ್ಲಿ ಸ್ವಾನೂ ಇದೆ, ನಮ್ಮದೂ ಇದೆ. ಹೆಂಚಿಗೆ ನಾನು ದುಡ್ಡು ಕಳಿಸಿದ್ದೀನಿ, ಅದನ್ನ ಗ್ರೂಪಲ್ಲಿ ಹೇಳ್ಕೊಂಡೂ ಇದ್ದೀನಿ ಬಿಡಿ.

ಭಾನುವಾರ ಅವ್ವಂಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮಗಳನ್ನ ಪಕ್ಕದಲ್ಲೇ ಕೂರಿಸ್ಕೊಂಡೆ, ಇವತ್ತು ತಕ್ಕಲ್ಲೇ ಮಾತಾಡ್ಲಿ ಅಂತ. ಮೊಮ್ಮಗಳ ದನಿ ಕೇಳಿದ್ದೇ ತಡ, ಅವ್ವ ಖುಷಿಯಿಂದ ಶುರು ಮಾಡಿದ್ರು: 'ಹಲೋ ಕುಂಞಿ! ಹೌ ಆರ್ ಯೂ? ಈಟಿಂಗ್ ವೆಲ್?'