ಅಕ್ಷರ ಗೊತ್ತು, ಓದಲು ಬರಲ್ಲ: ನಾಂಗ್‌ಖಾಯ್ ಲಾಗ್, 10ನೇ ವಾರದವರೆಗೆ

ಬರೆಯದೆ ತಿಂಗಳ ಮೇಲಾಯಿತು, ಬೈಬೇಡಿ. ಹೊಸದಾಗಿ ಓದುವವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ನಾನಿರುವುದು ಥಾಯ್ಲೆಂಡಿನ ಈಶಾನ್ಯದ ನಾಂಗ್‌ಖಾಯ್ ಎಂಬ ಊರಿನಲ್ಲಿ. ಬ್ಯಾಂಕಾಕಿನಲ್ಲಿ ರಾತ್ರಿ ರೈಲು ಹತ್ತಿದರೆ 600 ಚಿಲ್ಲರೆ ಕಿಲೋಮೀಟರ್ ದಾಟಿ ಬೆಳಿಗ್ಗೆ ಇಳಿಸುತ್ತದೆ. ಊರಿನ ಮುಂದೆ ಮೆಕಾಂಗ್ ನದಿ, ಆಚೆ ದಡ ಲಾವೋಸ್. ಮೇ ತಿಂಗಳಿಂದ ಇಲ್ಲಿನ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸಂಬಳವಿಲ್ಲದ ಇಂಗ್ಲಿಷ್ ಮಾಸ್ಟ್ರು. (ಸಂಬಳ ಇಲ್ಲದಿದ್ದರೂ ವರ್ಕ್ ಪರ್ಮಿಟ್ ಬೇಕು. ಹೊರಡುವ ಆಸೆ ಇರುವವರು ಆ ಕಾಗದ ಮೊದಲು ನೋಡಿಕೊಳ್ಳಿ.)

ಜೊತೆಗೆ ನಾನೇ ತಲೆ ಮೇಲೆ ಹಾಕಿಕೊಂಡ ಪ್ರಾಜೆಕ್ಟ್: ಅಕ್ಟೋಬರಿನಲ್ಲಿ ಟರ್ಮ್ ಮುಗಿಯುವುದರೊಳಗೆ ಥಾಯ್ ಓದಲು ಕಲಿಯುವುದು. ಮಾತಾಡೋದು ಆಮೇಲೆ. ಮೊದಲು ಅಂಗಡಿ ಬೋರ್ಡು, ಬಸ್ಸಿನ ಹಣೆಪಟ್ಟಿ, ಮಕ್ಕಳ ನೋಟ್‌ಬುಕ್ಕು.

1ನೇ ವಾರ

ಜಂಬ ಇತ್ತು. ಥಾಯ್ ಲಿಪಿ ಬಂದದ್ದು ಖ್ಮೇರ್ ಲಿಪಿಯಿಂದ, ಅದು ಬಂದದ್ದು ನಮ್ಮ ದಕ್ಷಿಣದ ಪಲ್ಲವರ ಲಿಪಿಯಿಂದ. ವ್ಯಂಜನಗಳು 44, ಅದರಲ್ಲಿ ಎರಡನ್ನು ಈಗ ಯಾರೂ ಬಳಸುವುದಿಲ್ಲ. ಗೋಡೆ ಮೇಲಿನ ಚಾರ್ಟ್ ನೋಡಿದರೆ ಸಾಕ್ಷಾತ್ ನಮ್ಮ ಅಕ್ಷರಮಾಲೆಯ ಸಾಲು: ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಕೊನೆಗೆ ಯ ರ ಲ ವ. ಶ ಷ ಸ ಮೂರೂ ಇವೆ. ಳ ಕೂಡ ಇದೆ ಮಾರಾಯ್ರೆ! ನಮ್ಮಲ್ಲಿ ಅ ಅರಸ, ಆ ಆನೆ ಇದ್ದ ಹಾಗೆ ಇಲ್ಲಿ ಕೊ ಕಾಯ್ ಅಂದರೆ ಕೋಳಿ, ಖೊ ಖಾಯ್ ಅಂದರೆ ಮೊಟ್ಟೆ. ಎರಡು ವಾರ ಸಾಕು ಅಂತ ಮನೆಗೆ ಫೋನ್ ಮಾಡಿ ಹೇಳಿಬಿಟ್ಟೆ.

ಚಾರ್ಟನ್ನು ಮಕ್ಕಳು ಜೋರಾಗಿ ಓದಿದಾಗ ಜಂಬ ಇಳಿಯಿತು. ನಮ್ಮ ಖ, ಗ, ಘ ಮೂರರ ಜಾಗದಲ್ಲಿ ಇರುವುದೆಲ್ಲ ಅವರ ಬಾಯಲ್ಲಿ ಬರೀ 'ಖ'. ಶ ಷ ಸ ಮೂರೂ 'ಸ'. ಳ ಮತ್ತು ಲ ಒಂದೇ. ಮನೆ ಅದೇ, ಒಳಗಿರುವವರು ಬೇರೆ. ಮೇಲಿಂದ ಪದಗಳ ನಡುವೆ ಜಾಗ ಬಿಡುವುದಿಲ್ಲ, ಸಾಲು ಪೂರ್ತಿ ಒಂದೇ ಉಸಿರು.

3ನೇ ವಾರ

ಭಾನುವಾರ ಸಾಲಾ ಕೇವ್ ಕೂ ನೋಡಲು ಹೊರಟೆ. ಲಾವೋಸಿನಿಂದ ಬಂದ ಬುನ್ಲುಅ ಸುಲಿಲತ್ ಎಂಬ ಸಾಧಕ 1978ರಿಂದ ಕಟ್ಟುತ್ತ ಹೋದ ಕಾಂಕ್ರೀಟ್ ಮೂರ್ತಿಗಳ ತೋಟ ಅದು. ದಾರಿಯಲ್ಲಿ ಹಣ್ಣಿನ ಗಾಡಿಯವರನ್ನು "ದೂರವೇ?" ಅಂತ ಕೇಳಿದೆ. "ಕ್ಲಾಯ್" ಅಂದರು. ಹತ್ತಿರ ಅನ್ನುವುದಕ್ಕೂ ಕ್ಲಾಯ್, ದೂರ ಅನ್ನುವುದಕ್ಕೂ ಕ್ಲಾಯ್. ದನಿ ಸಮನಾಗಿ ಹೋದರೆ ದೂರ, ಮೇಲಿಂದ ಕೆಳಗೆ ಬಿದ್ದರೆ ಹತ್ತಿರ. ನನಗೆ ಬೇಕಾದದ್ದು ನನಗೆ ಕೇಳಿಸಿತು. ಕೊಡೆ ಇಲ್ಲ, ನೀರಿನ ಬಾಟ್ಲಿ ಇಲ್ಲ, ಬಿಸಿಲು ನೆತ್ತಿಗೆ ಬಂದಿತ್ತು. ಹೋಗಿ ಮುಟ್ಟಿದವನು 25 ಮೀಟರ್ ಎತ್ತರದ ಏಳು ಹೆಡೆಯ ನಾಗನ ನೆರಳಲ್ಲಿ ಅರ್ಧ ಗಂಟೆ ಸುಮ್ನೆ ಕೂತೆ. ಹೆಡೆಯ ಕೆಳಗೆ ಬುದ್ಧ. ನಾಗನ ಕಲ್ಲಿಗೆ ಹಾಲೆರೆಯುವ ಊರಿನವನಿಗೆ ಅಲ್ಲಿ ಹೊಸದು ಅನ್ನಿಸಿದ್ದು ಅಳತೆ ಮಾತ್ರ.

ಪ್ರಗತಿ: ಅಕ್ಷರ 31, ಸ್ವತಃ ಓದಿದ ಪದ ಸೊನ್ನೆ.

4ನೇ ವಾರ

ಓದಿದೆ! ನದಿ ದಂಡೆಯ ಸಂಜೆ ಮಾರ್ಕೆಟ್ಟಿನಲ್ಲಿ ಒಂದು ಗಾಡಿ, ಹಳದಿ ಬಟ್ಟೆಯ ಬೋರ್ಡು. ಒಂದೊಂದೇ ಅಕ್ಷರ ಬೆರಳಲ್ಲಿ ಲೆಕ್ಕ ಮಾಡುತ್ತ ನಿಂತೆ. ಮ... ಂಗ್... ಸ... ವಿ... ರ... ತಿ. ಮಾಂಸವಿರತಿ! ಸಸ್ಯಾಹಾರ ಅನ್ನುವುದಕ್ಕೆ ಇವರ ಪದ ಅದು. ಗಾಡಿಯಮ್ಮನಿಗೆ ಓದಿ ಹೇಳಿದರೆ ಆಕೆ ಅರ್ಥವಾಗದೆ ನಕ್ಕರು, ಆಮೇಲೆ ತಿದ್ದಿದರು: "ಮಂಗ್ಸವಿರತ್". ಕೊನೆಯ ಇಕಾರ ಬರೆಯುವುದಕ್ಕೆ ಮಾತ್ರ, ಬಾಯಿಗಲ್ಲ.

ಊಟದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಇಲ್ಲಿನ ಪಪಾಯಕಾಯಿ ಕೋಸಂಬರಿ, ಅದೇ ಸೋಮ್ ತಾಮ್, ನೋಡಲು ತರಕಾರಿಯೇ. ಒಳಗೆ ಹುಳಿ ಬರಿಸಿದ ಮೀನಿನ ರಸ ಇರುತ್ತದೆ. 'ತರಕಾರಿ ಮಾತ್ರ' ಅಂದರೆ ಮೀನಿನ ಸಾಸು ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಬೇರೆಯೇ ಬೇಡ ಅನ್ನಬೇಕು.

5ನೇ ವಾರ

ಜೂನಿನಲ್ಲಿ ಒಂದು ಗುರುವಾರ ವಾಯ್ ಖ್ರೂ, ಅಂದರೆ ಗುರುವಂದನೆ. ಖ್ರೂ ಅಂದರೆ ಗುರು, ಅದೇ ಪದ ಸವೆದು ಹಾಗಾಗಿದೆ. ಮಕ್ಕಳು ಮೊಣಕಾಲ ಮೇಲೆ ನಡೆದು ಬಂದು ಹೂವಿನ ತಟ್ಟೆ ಕೊಟ್ಟರು. ತಟ್ಟೆಯಲ್ಲಿ ಏನಿತ್ತು ಗೊತ್ತಾ? ಗರಿಕೆ, ಕೇಪಳ, ಬದನೆ ಹೂ. ಗರಿಕೆ ತುಳಿದರೂ ಹಬ್ಬುತ್ತದಲ್ಲ, ವಿದ್ಯೆಯೂ ಹಾಗೆ ಹಬ್ಬಲಿ ಅಂತ. ಕೇಪಳದ ಮೊಗ್ಗು ಸೂಜಿಯ ಹಾಗೆ, ಬುದ್ಧಿ ಚೂಪಾಗಲಿ ಅಂತ. ಬದನೆ ಹೂ ತಲೆ ತಗ್ಗಿಸಿಕೊಂಡೇ ಅರಳುತ್ತದೆ, ಅದು ವಿನಯ. ಗರಿಕೆ ನಮಗೆ ಗಣಪತಿಗೆ, ಕೇಪಳ ಉಪ್ಪಿನಂಗಡಿಯಲ್ಲಿ ಗುಡ್ಡ ತುಂಬ. ಬದನೆ ಹೂವನ್ನು ಮಾತ್ರ ನಾನು ಈವರೆಗೆ ನೆಟ್ಟಗೆ ನೋಡಿಯೇ ಇರಲಿಲ್ಲ.

ಹೀಗೆ ಕೈಮುಗಿಸಿಕೊಳ್ಳುವ ಯೋಗ್ಯತೆ ಆ ಹೊತ್ತಿಗೆ ನನಗಿರಲಿಲ್ಲ, ಯಾಕೆಂದರೆ ಪಾಠ ಸರಿಯಾಗಿ ನಡೆಯುತ್ತಿರಲಿಲ್ಲ. 'ಸ್ಕೂಲ್' ಹೇಳಿ ಅಂದರೆ 'ಸಕೂನ್'. 'ಹೌಸ್' ಅಂದರೆ 'ಹಾವ್'. ನಾನು ಜೋರಾಗಿ ಹೇಳುವುದು, ಅವರು ಜೋರಾಗಿ ತಪ್ಪು ಹೇಳುವುದು. ಗಮನ ಕೊಡುತ್ತಿಲ್ಲ ಅಂತ ಒಂದೆರಡು ಸಲ ರೇಗಿದೆ ಕೂಡ.

8ನೇ ವಾರ

ಇದನ್ನು ಬರೆಯಲೆಂದೇ ಕೂತದ್ದು. ಕ್ಯಾಂಟೀನ್ ಬೋರ್ಡಿನಲ್ಲಿ 'ಆಹಾರ' ಅಂತ ಓದಿದೆ. ಹುಡುಗರು ತಿದ್ದಿದರು, "ಆಹಾನ್". ಹವಾಮಾನಕ್ಕೆ 'ಆಕಾಶ' ಅಂತ ಬರೆದು 'ಆಕಾತ್' ಅನ್ನುತ್ತಾರೆ. ನಗರ 'ನಖೊನ್', ರಸ 'ರೊತ್', ಫಲ 'ಫೊನ್'. ಆಗ ತಲೆಗೆ ಹೋಯಿತು: ಪದದ ಕೊನೆಯಲ್ಲಿ ರ ಅಥವಾ ಲ ಬಂದರೆ ಥಾಯ್ ಬಾಯಿ ಅದನ್ನು ನ್ ಮಾಡುತ್ತದೆ, ಸ ಶ ಬಂದರೆ ತ್ ಮಾಡುತ್ತದೆ ಇಲ್ಲವೇ ನುಂಗುತ್ತದೆ. ನಾನು ಬೋರ್ಡು ತಪ್ಪು ಓದಿದ್ದೂ, ಮಕ್ಕಳು 'ಸಕೂನ್' ಅಂದದ್ದೂ ಒಂದೇ ನಿಯಮದಿಂದ. ರೇಗಿದ್ದಕ್ಕೆ ನಾಚಿಕೆಯಾಯಿತು. ಅವರಿಗೆ ಮನೆಯಲ್ಲಿ ಲಾವೋಗೆ ಹತ್ತಿರದ ಇಸಾನ್, ಶಾಲೆಯಲ್ಲಿ ಥಾಯ್, ಆಮೇಲೆ ನನ್ನ ಇಂಗ್ಲಿಷ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್ ಅಂತ ಬೆಳೆದವನಿಗೆ ಇದು ಬೇಗ ಹೊಳೆಯಬೇಕಿತ್ತು, ಅಲ್ವಾ?

ನನ್ನ ಕ್ಲಾಸಿನಲ್ಲಿ ಒಬ್ಬನ ಅಡ್ಡಹೆಸರು ಬಾಲ್. ಇಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು, ಬಾಲ್ ಅಂತೂ ಊರಿಗೆ ಹತ್ತು ಇರಬಹುದು. ಎಲ್ಲರೂ ಅವನನ್ನು 'ಬಾನ್' ಅಂತಲೇ ಕರೆಯುವುದು. ಮರುದಿನ ಕಿಸೆ ಕನ್ನಡಿ ಒಂದು ತಂದು ಅವನ ಕೈಗೆ ಕೊಟ್ಟೆ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ, ಬದಿಯಿಂದ ಗಾಳಿ ಬಿಡು, ಮೂಗಿನಿಂದ ಬೇಡ. ಮೂಗು ಹಿಡಿದು ತೋರಿಸಿದೆ. ಅವನೂ ಮೂಗು ಹಿಡಿದ. ಮೂಗು ಹಿಡಿದರೆ ನ್ ಹೊರಡುವುದೇ ಇಲ್ಲ ನೋಡಿ. "ಬಾ... ಬಾ... ಬಾಲ್‌ಲ್‌ಲ್." ಕ್ಲಾಸು ಹೋ ಅಂತು. ಆಮೇಲೆ ಮೂವತ್ತು ಮಕ್ಕಳು ಮೂಗು ಹಿಡಿದುಕೊಂಡು ಸ್ಕೂಲ್ ಸ್ಕೂಲ್ ಅಂತ ಅಂಗಳದಲ್ಲಿ ಓಡಾಡಿದ್ದು ನೋಡಿ ಪಕ್ಕದ ಕ್ಲಾಸಿನ ಟೀಚರ್ ಏನೋ ವಾಸನೆ ಅಂತ ಕಿಟಕಿ ಹಾಕಿದರು.

10ನೇ ವಾರ

ಜುಲೈ 10ಕ್ಕೆ ರಜೆ ಇತ್ತು, ಆಸಾನ್ಹ ಬೂಚಾ. ಬಿಡಿಸಿ ಓದಿದರೆ ಆಷಾಢ ಪೂಜೆ. ನಮ್ಮಲ್ಲಿ ಅದೇ ಹುಣ್ಣಿಮೆ ಗುರುಪೂರ್ಣಿಮೆ. ನಾನು ಬಾಡಿಗೆಗಿರುವ ಮನೆಯ ಅಜ್ಜಿಯ ಜೊತೆ (ಯಾಯ್ ಅನ್ನುತ್ತೇನೆ, ತಾಯಿಯ ಅಮ್ಮ ಅಂತ) ಸಂಜೆ ದೇವಸ್ಥಾನಕ್ಕೆ ಮೂರು ಸುತ್ತು ಬಂದೆ, ಕೈಯಲ್ಲಿ ಮೇಣದಬತ್ತಿ. ಮಳೆಗೆ ನದಿ ಕೆಂಪಗೆ ತುಂಬಿ ಬಂದಿದೆ. ನದಿಗೆ ಥಾಯ್‌ನಲ್ಲಿ ಮೇ ನಾಮ್, ಅಂದರೆ ತಾಯಿ ನೀರು. ನೇತ್ರಾವತಿ ಜುಲೈಯಲ್ಲಿ ಹೀಗೇ ಇರುತ್ತಾಳೆ ಅಂತ ಫೋಟೋ ತೋರಿಸಿದೆ. ಯಾಯ್ ಕನ್ನಡಕ ಸರಿಮಾಡಿಕೊಂಡು ನೋಡಿ, ಆಚೆ ದಡದಲ್ಲಿ ಯಾವ ದೇಶ ಅಂತ ಕೇಳಿದರು.

ಪ್ರಗತಿ: ಅಕ್ಷರ 42, ಬಿಟ್ಟದ್ದು ಬಳಕೆಯಲ್ಲಿಲ್ಲದ ಎರಡು ಮಾತ್ರ. ಓದಬಲ್ಲ ಪದ ಸುಮಾರು 150. ದನಿಯ ಏರಿಳಿತ ಐದರಲ್ಲಿ ಎರಡು ಗ್ಯಾರಂಟಿ. ಮಕ್ಕಳು ಈಗ ಪ್ರತಿ ಶುಕ್ರವಾರ ನನಗೇ ಉಕ್ತಲೇಖನ ಕೊಡುತ್ತಾರೆ, ಹತ್ತು ಪದ. ಏಳಕ್ಕಿಂತ ಕಡಿಮೆ ಬಂದರೆ ಕ್ಲಾಸಿಗೆಲ್ಲ ಐಸ್‌ಕ್ರೀಮ್ ನನ್ನ ಲೆಕ್ಕ. ಕಳೆದ ವಾರ ನಾಲ್ಕು ಬಂತು. ಈ ವಾರದ ಪದಗಳನ್ನು ಆರಿಸುವವನು ಬಾಲ್.